ಟವರಿನತ್ತ ತೋರಿಸುವ ಕೈಯಲ್ಲೇ ಫೋನಿದೆ: ದೂರಸಂಪರ್ಕ, ಆರೋಗ್ಯ ಮತ್ತು ಶಾಲೆಗಳ ಹೊಣೆ ಹೊತ್ತವರಿಗೆ ಬಹಿರಂಗ ಪತ್ರ

ಮಾನ್ಯರೇ,

ವೈ-ಫೈ, ಮೊಬೈಲ್ ವಿಕಿರಣದ ಬಗ್ಗೆ ಯಾರೇ ದೂರು ಕೊಟ್ಟರೂ ಕಚೇರಿಗಳಿಂದ ಹೋಗುವ ಉತ್ತರ ಒಂದೇ ಸಾಲಿನದು: "ಎಲ್ಲವೂ ಮಿತಿಯೊಳಗಿದೆ." ಆ ಸಾಲು ಸುಳ್ಳಲ್ಲ, ಆದರೆ ಅದರಿಂದ ದೂರು ಕೊಟ್ಟವರಿಗೆ ಮೂರು ಕಾಸಿನ ಉಪಯೋಗವಿಲ್ಲ. ಮಿತಿ ಎಷ್ಟು, ಯಾವುದರ ಮಿತಿ, ತಮ್ಮ ಮನೆಯಲ್ಲಿ ಅದರ ಎಷ್ಟನೇ ಪಾಲು ಇದೆ, ಇನ್ನೂ ಇಳಿಸಬೇಕೆಂದರೆ ಏನು ಮಾಡಬೇಕು ಎಂಬುದು ಯಾವುದೂ ಅದರಲ್ಲಿಲ್ಲ. ಉತ್ತರ ಖಾಲಿ ಬಿಟ್ಟ ಜಾಗದಲ್ಲಿ ಭಯ ಬಂದು ಕೂರುತ್ತದೆ, ಭಯದ ಬೆನ್ನಿಗೇ 'ವಿಕಿರಣ ತಡೆಯುವ' ಸ್ಟಿಕ್ಕರ್ ಮಾರುವವರು ಬರುತ್ತಾರೆ. ರೇಡಿಯೋ ಕ್ಷೇತ್ರ ಅಳೆಯುವುದನ್ನೇ ಕಸುಬು ಮಾಡಿಕೊಂಡಿರುವ ನಾವು ಕೇಳುವುದು ಇಷ್ಟು: ಜನರ ಮೈಗೆ ತಾಗುವ ರೇಡಿಯೋ ಶಕ್ತಿಯ ಬಹುಪಾಲು ಎಲ್ಲಿಂದ ಬರುತ್ತದೋ ಅದರ ಬಗ್ಗೆ ಮಾತಾಡಿ.

ವಿಕಿರಣ ಅಂದ ಕೂಡಲೇ ಎಕ್ಸ್-ರೇ, ಅಣುಸ್ಥಾವರ ನೆನಪಾಗುವುದು ಸಹಜ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಒಂದು ಫೋಟಾನಿನಲ್ಲಿ, ಅಂದರೆ ಅದರ ಶಕ್ತಿಯ ಒಂದು ಕಣದಲ್ಲಿ, ಇರುವುದು ಒಂದು ಎಲೆಕ್ಟ್ರಾನ್ ವೋಲ್ಟಿನ ಲಕ್ಷದಲ್ಲಿ ಒಂದು ಭಾಗ. ಕಣ್ಣಿಗೆ ಕಾಣುವ ಬೆಳಕಿನ ಫೋಟಾನಿನಲ್ಲೇ 2ರಿಂದ 3 ಎಲೆಕ್ಟ್ರಾನ್ ವೋಲ್ಟ್ ಇರುತ್ತದೆ. ಅಣುವಿನಿಂದ ಎಲೆಕ್ಟ್ರಾನ್ ಕೀಳಲು ಸುಮಾರು 10 ಬೇಕು. ಹಾಗಾಗಿ ಎಕ್ಸ್-ರೇ ಮಾಡುವಂತೆ ಡಿಎನ್‌ಎ ಕತ್ತರಿಸುವ ಕೆಲಸ ಇದರಿಂದ ಆಗದು. ಇದು ಮಾಡುವುದು ಬಿಸಿ. ಇಡೀ ದೇಹ ಪ್ರತಿ ಕಿಲೋಗೆ 4 ವ್ಯಾಟ್ ಹೀರಿಕೊಂಡರೆ ಮೈಯೊಳಗಿನ ತಾಪ ಸುಮಾರು ಒಂದು ಡಿಗ್ರಿ ಏರುತ್ತದೆ. ಇಂಥ ವಿಕಿರಣದಿಂದ ರಕ್ಷಣೆಗೆ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗ ಐಸಿಎನ್‌ಐಆರ್‌ಪಿ ಈ 4ನ್ನು 50ರಿಂದ ಭಾಗಿಸಿ ಸಾರ್ವಜನಿಕರಿಗೆ 0.08 ಎಂದು ಇಟ್ಟಿದೆ. ತಲೆಯ ಯಾವುದೇ 10 ಗ್ರಾಂ ಭಾಗಕ್ಕೆ ಮಿತಿ ಕಿಲೋಗೆ 2 ವ್ಯಾಟ್; ಅಮೆರಿಕ, ಭಾರತಗಳಲ್ಲಿ 1 ಗ್ರಾಂ ಭಾಗಕ್ಕೆ 1.6 ವ್ಯಾಟ್. ಫೋನಿನ ಪೆಟ್ಟಿಗೆಯಲ್ಲಿ ಎಸ್‌ಎಆರ್ ಎಂದು ಅಚ್ಚಾಗುವುದು ಇದೇ ಅಳತೆ: ಮೈ ಕಿಲೋಗೆ ಎಷ್ಟು ವ್ಯಾಟ್ ಹೀರುತ್ತದೆ ಎಂಬುದು.

ಈಗ ಎಲ್ಲರ ಅನುಮಾನಕ್ಕೆ ಗುರಿಯಾಗಿರುವ ರೂಟರನ್ನು ನೋಡೋಣ. 2.4 ಗಿಗಾಹರ್ಟ್ಸಿನಲ್ಲಿ ಯುರೋಪಿನ ನಿಯಮದಂತೆ ಅದು ಹೊರಸೂಸಬಹುದಾದದ್ದು 100 ಮಿಲಿವ್ಯಾಟ್. ಒಂದು ಮೀಟರ್ ದೂರದಲ್ಲಿ ಇದು ಪ್ರತಿ ಚದರ ಮೀಟರಿಗೆ 8 ಮಿಲಿವ್ಯಾಟ್ ಆಗುತ್ತದೆ. ಐಸಿಎನ್‌ಐಆರ್‌ಪಿ ಮಿತಿ ಚದರ ಮೀಟರಿಗೆ 10 ವ್ಯಾಟ್, ಅಂದರೆ ಇದು ಮಿತಿಯ 1250ರಲ್ಲಿ ಒಂದು ಪಾಲು. ಎರಡು ಮೀಟರಿಗೆ ಸರಿದರೆ 5000ದಲ್ಲಿ ಒಂದು. 20 ಸೆಂಟಿಮೀಟರಿಗೆ ತಂದರೆ 50ರಲ್ಲಿ ಒಂದು. ತಲೆದಿಂಬಿನ ಪಕ್ಕದಿಂದ ರೂಟರನ್ನು ಎದುರುಗೋಡೆಗೆ ಸರಿಸುವುದು ಯಾವ ಕವಚಕ್ಕಿಂತಲೂ ಹೆಚ್ಚು ಕೆಲಸ ಮಾಡುವುದು ಇದಕ್ಕೇ. ಅದೂ ರೂಟರ್ ಬಿಡುವಿಲ್ಲದೆ ಪ್ರಸಾರ ಮಾಡುತ್ತಿದೆ ಎಂದು ಹಿಡಿದ ಲೆಕ್ಕ. ಯಾರೂ ಬಳಸದಿದ್ದಾಗ ಅದು ಸೆಕೆಂಡಿಗೆ ಸುಮಾರು ಹತ್ತು ಸಲ 'ನಾನಿದ್ದೇನೆ' ಎಂಬ ಚುಟುಕು ಸಂಕೇತ ಕಳಿಸಿ ಸುಮ್ಮನಾಗುತ್ತದೆ. ಬ್ರಿಟನ್ನಿನ ಶಾಲೆಗಳಲ್ಲಿ ಅಳೆದು 2011ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ತರಗತಿಯ ರೂಟರುಗಳು ಪ್ರಸಾರದಲ್ಲಿದ್ದದ್ದು ಒಟ್ಟು ಸಮಯದ ಶೇ 1ರಿಂದ 11.7, ಮಕ್ಕಳ ಲ್ಯಾಪ್‌ಟಾಪುಗಳು ಶೇ 1ಕ್ಕೂ ಕಡಿಮೆ. ಲ್ಯಾಪ್‌ಟಾಪಿನ ಮುಂದೆ ಕೂತ ಹತ್ತು ವರ್ಷದ ಮಗುವಿನ ಮುಂಡಭಾಗಕ್ಕೆ ಬಂದದ್ದು ಹೆಚ್ಚೆಂದರೆ ಕಿಲೋಗೆ 80 ಮೈಕ್ರೋವ್ಯಾಟ್. 2 ವ್ಯಾಟಿನ ಪಕ್ಕದಲ್ಲಿಟ್ಟರೆ ಇಪ್ಪತ್ತೈದು ಸಾವಿರದಲ್ಲಿ ಒಂದು ಪಾಲು.

ಫೋನಿನ ಕತೆ ಬೇರೆ. 4ಜಿ ಫೋನ್ ಗರಿಷ್ಠ 200 ಮಿಲಿವ್ಯಾಟ್ ಬಿಡುತ್ತದೆ. ಹಳೆಯ 2ಜಿಯಲ್ಲಿ 900 ಮೆಗಾಹರ್ಟ್ಸಿನ ಫೋನಿನ ಗರಿಷ್ಠ 2 ವ್ಯಾಟ್. ಎಂಟು ಸರದಿಗಳಲ್ಲಿ ಒಂದರಲ್ಲಿ ಮಾತ್ರ ಪ್ರಸಾರ ಮಾಡುವುದರಿಂದ ಸರಾಸರಿ 250 ಮಿಲಿವ್ಯಾಟ್. ರೂಟರಿಗಿಂತ ಭಾರೀ ಹೆಚ್ಚೇನಲ್ಲ ಅನಿಸಬಹುದು. ಆದರೆ ರೂಟರ್ ಕೋಣೆಯ ಮೂಲೆಯಲ್ಲಿರುತ್ತದೆ, ಫೋನಿನ ಆಂಟೆನಾ ಕಿವಿಗೆ ಒತ್ತಿಕೊಂಡಿರುತ್ತದೆ. ಜೊತೆಗೆ, ಫೋನ್ ಎಷ್ಟು ಜೋರಾಗಿ ಕೂಗಬೇಕು ಎಂದು ಹೇಳುವುದು ಟವರ್. ಟವರ್ ಹತ್ತಿರವಿದ್ದರೆ ಒಂದು ಮಿಲಿವ್ಯಾಟೇ ಸಾಕಾಗುತ್ತದೆ; ನೆಲಮಾಳಿಗೆಯಲ್ಲಿ, ಲಿಫ್ಟಿನಲ್ಲಿ, ಒಂದೇ ಕಡ್ಡಿ ಸಿಗ್ನಲ್ ಇರುವಲ್ಲಿ ಅದೇ ಫೋನ್ 200ಕ್ಕೆ ಏರುತ್ತದೆ. ಅದೇ ವ್ಯಕ್ತಿ, ಅದೇ ಫೋನ್, ಅದೇ ಹತ್ತು ನಿಮಿಷದ ಮಾತು. ತಲೆಗೆ ಬೀಳುವುದರಲ್ಲಿ ಇನ್ನೂರು ಪಟ್ಟು ಅಂತರ. ಈ ಸಂಗತಿ ನಿಮ್ಮ ಯಾವ ಕರಪತ್ರದಲ್ಲೂ ದೊಡ್ಡ ಅಕ್ಷರದಲ್ಲಿ ಇಲ್ಲ.

ಹಾಗಾಗಿ ಟವರ್ ಕೀಳಿಸುವ ಹೋರಾಟಗಳು ಹುತ್ತ ಬಡಿದು ಹಾವು ಸಾಯಿಸಲು ಹೊರಟಂತೆ. 30 ಮೀಟರ್ ಎತ್ತರದಲ್ಲಿ 6 ಡಿಗ್ರಿ ಬಾಗಿಸಿ ಕಟ್ಟಿದ ಆಂಟೆನಾದ ಮುಖ್ಯ ಕಿರಣಪುಂಜ ನೆಲ ಮುಟ್ಟುವುದು ಸುಮಾರು 285 ಮೀಟರ್ ಆಚೆ. ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ 2000 ವ್ಯಾಟಿಗೆ ಸಮ ಎಂದು ಹಿಡಿದರೂ ಅಲ್ಲಿ ಚದರ ಮೀಟರಿಗೆ 2 ಮಿಲಿವ್ಯಾಟ್. ಟವರಿನ ಬುಡದಲ್ಲಿರುವ ಮನೆಗೆ ಕಿರಣಪುಂಜದ ಹೊರಅಂಚು ಮಾತ್ರ ತಾಗುತ್ತದೆ. ಆ ಟವರ್ ತೆಗೆಸಿದರೆ ಬೀದಿಯ ಅಷ್ಟೂ ಫೋನುಗಳು ದನಿ ಎತ್ತರಿಸುತ್ತವೆ, ಕಿವಿಯ ಪಕ್ಕದಲ್ಲೇ. ಮಿತಿ ನಿಜವಾಗಿ ಮೀರಬಹುದಾದ ಜಾಗ ಒಂದಿದೆ: ತಾರಸಿಯ ಆಂಟೆನಾದ ನೇರ ಮುಂದಿನ ಕೆಲವು ಮೀಟರ್. ಅಲ್ಲಿಗೆ ಹೋಗುವವರು ಬಣ್ಣ ಬಳಿಯುವವರು, ನೀರಿನ ಟ್ಯಾಂಕ್ ತೊಳೆಯುವವರು. ಅವರ ಪರವಾಗಿ ಯಾರೂ ಫಲಕ ಹಿಡಿದು ನಿಂತದ್ದಿಲ್ಲ. ಆ ತಾರಸಿಗಳಿಗೆ ಬೀಗ, ನೆಲದ ಮೇಲೆ ಹಳದಿ ಗೆರೆ, ಕೆಲಸದ ಹೊತ್ತಿನಲ್ಲಿ ಪ್ರಸಾರ ನಿಲ್ಲಿಸಲು ಕರೆ ಮಾಡಬೇಕಾದ ಸಂಖ್ಯೆ ಕಡ್ಡಾಯವಾಗಲಿ.

ಇನ್ನು ಮಿದುಳು. ಬಿಸಿಗಿಂತ ಕೆಳಗಿನ ಮಟ್ಟದಲ್ಲಿ ಯೋಚನೆ, ನೆನಪು, ಗಮನದ ಮೇಲೆ ಏನಾದರೂ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ತಪ್ಪು. 1999ರಲ್ಲಿ ಬ್ರಿಟನ್ನಿನಲ್ಲಿ, 2000ದಲ್ಲಿ ಫಿನ್‌ಲೆಂಡಿನಲ್ಲಿ ನಡೆದ ಪರೀಕ್ಷೆಗಳಲ್ಲಿ, ಫೋನ್ ಚಾಲೂ ಇದ್ದಾಗ ಜನ ಕೆಲವು ಗುಂಡಿಗಳನ್ನು ತುಸು ಬೇಗ ಒತ್ತಿದರು. ಹೌದು, ನಿಧಾನವಾಗಿ ಅಲ್ಲ, ಬೇಗ. ಫಿನ್‌ಲೆಂಡಿನ ತಂಡವೇ ಹೆಚ್ಚು ಜನರನ್ನು ಕೂರಿಸಿ, ಪರೀಕ್ಷಿಸುವವರಿಗೂ ಫೋನ್ ಚಾಲೂ ಇದೆಯೇ ಎಂದು ತಿಳಿಯದಂತೆ ಮತ್ತೆ ಮಾಡಿದಾಗ ಆ ವ್ಯತ್ಯಾಸ ಉಳಿಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿ 2024ರಲ್ಲಿ ಪ್ರಕಟವಾದ ಪರಾಮರ್ಶೆಯೂ ಇಂಥ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ, ಯೋಚನಾಶಕ್ತಿಯ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣುವುದಿಲ್ಲ ಎಂದಿತು.

ಆದರೆ ಉಳಿದುಕೊಂಡ ಗುರುತುಗಳೂ ಇವೆ. ತಲೆಯ ಬಳಿ ಫೋನ್ ಸಂಕೇತ ಇದ್ದಾಗ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಚಟುವಟಿಕೆಯ ದಾಖಲೆಯಲ್ಲಿ) 8ರಿಂದ 12 ಹರ್ಟ್ಸಿನ ಆಲ್ಫಾ ಅಲೆ ಸ್ವಲ್ಪ ಹೆಚ್ಚುವುದು ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಕಂಡಿದೆ. 2011ರಲ್ಲಿ ಅಮೆರಿಕದಲ್ಲಿ 47 ಜನರ ಕಿವಿಗೆ ಫೋನ್ ಕಟ್ಟಿ, ಸದ್ದು ಬಂದ್ ಮಾಡಿ, 50 ನಿಮಿಷ ಕೂರಿಸಿದಾಗ ಆಂಟೆನಾಗೆ ಹತ್ತಿರದ ಮಿದುಳಿನ ಭಾಗದಲ್ಲಿ ಗ್ಲೂಕೋಸ್ ಬಳಕೆ ಸುಮಾರು ಶೇ 7 ಹೆಚ್ಚಿತ್ತು. ಅದರಿಂದ ಹಾನಿಯಾಯಿತು ಎಂದು ಆ ಪ್ರಯೋಗ ಹೇಳುವುದಿಲ್ಲ, ಕಣ್ಣು ಬಿಟ್ಟು ನೋಡಿದರೂ ಮಿದುಳಿನ ಗ್ಲೂಕೋಸ್ ಬಳಕೆ ಬದಲಾಗುತ್ತದೆ. ಆದರೂ 'ಏನೂ ಆಗುವುದೇ ಇಲ್ಲ' ಎಂದು ಬರೆಯುವವರು ಈ ಎರಡನ್ನೂ ನುಂಗಿಕೊಂಡು ಬರೆಯುತ್ತಾರೆ.

ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಸ್ವಿಟ್ಜರ್ಲೆಂಡಿನ ಹದಿಹರೆಯದವರ ಅಧ್ಯಯನ. ಸುಮಾರು 700 ಮಕ್ಕಳನ್ನು ಒಂದು ವರ್ಷ ಅನುಸರಿಸಿ 2018ರಲ್ಲಿ ಪ್ರಕಟಿಸಿದ್ದು. ಇಂಥ ಅಧ್ಯಯನಗಳ ಹಳೇ ತೊಡಕು ಏನೆಂದರೆ, ಫೋನ್ ಹೆಚ್ಚು ಬಳಸುವ ಮಗು ನಿದ್ದೆಯನ್ನೂ ಕಡಿಮೆ ಮಾಡುತ್ತದೆ, ಆಟವನ್ನೂ ಹೆಚ್ಚು ಆಡುತ್ತದೆ. ನೆನಪು ಕುಂದಿದರೆ ಕಾರಣ ಅಲೆಯೋ ಪರದೆಯೋ ಹೇಳುವುದು ಕಷ್ಟ. ಅವರು ಎರಡನ್ನೂ ಬೇರ್ಪಡಿಸಲು ಹೊರಟರು. ಕರೆಗಳಿಂದ ಮಿದುಳಿಗೆ ಬೀಳುವ ಶಕ್ತಿಯನ್ನು ಒಂದು ಕಡೆ ಲೆಕ್ಕ ಹಾಕಿದರು. ಸಂದೇಶ, ಆಟಗಳಂಥ, ತಲೆಗೆ ಅಲೆ ಹೆಚ್ಚು ತಾಗದ ಬಳಕೆಯನ್ನು ಇನ್ನೊಂದು ಕಡೆ. ಆಕೃತಿಗಳನ್ನು ನೆನಪಿಡುವ ಪರೀಕ್ಷೆಯಲ್ಲಿ ಕುಸಿತ ಕಂಡದ್ದು ಮೊದಲನೆಯದರ ಜೊತೆ, ಅದೂ ಫೋನನ್ನು ಬಲಗಿವಿಗೆ ಹಿಡಿಯುವವರಲ್ಲಿ ಹೆಚ್ಚು ಸ್ಪಷ್ಟವಾಗಿ. ಪದಗಳ ನೆನಪಿನಲ್ಲಿ ಹಾಗೆ ಕಾಣಲಿಲ್ಲ. ಒಂದು ಅಧ್ಯಯನದಿಂದ ತೀರ್ಪು ಬರೆಯಲಾಗದು. ಆದರೆ ಗಮನಿಸಿ, ಇಲ್ಲೂ ಬೆರಳು ತೋರುವುದು ಕಿವಿಗೊತ್ತಿದ ಫೋನಿನತ್ತ, ರೂಟರಿನತ್ತ ಅಲ್ಲ. ಮಕ್ಕಳ ತಲೆಬುರುಡೆ ತೆಳು, ಕಿವಿ ಮತ್ತು ಮಿದುಳಿನ ನಡುವೆ ಅಂತರ ಕಡಿಮೆ. ಅದೇ ಫೋನಿನಿಂದ ಮಗುವಿನ ಮಿದುಳು ವಯಸ್ಕರ ಮಿದುಳಿಗಿಂತ ಸರಾಸರಿ ಎರಡು ಪಟ್ಟು ಶಕ್ತಿ ಹೀರಬಹುದು ಎಂದು ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ಹೇಳಿದೆ. ಮಗುವಿನ ಕಿವಿಯಿಂದ ಫೋನ್ ದೂರವಿರಲಿ, ಸ್ಪೀಕರಿನಲ್ಲೋ ತಂತಿಯ ಇಯರ್‌ಫೋನಿನಲ್ಲೋ ಮಾತಾಡಲಿ ಎನ್ನಲು ಇಷ್ಟು ಸಾಕು. ಇದಕ್ಕೆ ಖರ್ಚೂ ಇಲ್ಲ, ವಿವಾದವೂ ಇಲ್ಲ.

ಕ್ಯಾನ್ಸರಿನ ಬಗ್ಗೆ ಚುಟುಕಾಗಿ. 2011ರಲ್ಲಿ ಐಎಆರ್‌ಸಿ ರೇಡಿಯೋ ಅಲೆಗಳನ್ನು 2ಬಿ ಗುಂಪಿಗೆ, ಅಂದರೆ 'ಕ್ಯಾನ್ಸರ್‌ಕಾರಕ ಇರಬಹುದು' ಎಂಬಲ್ಲಿಗೆ ಸೇರಿಸಿತು. ಅದರ ಆಧಾರಗಳಲ್ಲೊಂದು 13 ದೇಶಗಳ ಇಂಟರ್‌ಫೋನ್ ಅಧ್ಯಯನ. ಅದರಲ್ಲಿ ಒಟ್ಟಾರೆ ಅಪಾಯ ಕಾಣಲಿಲ್ಲ. ಜೀವಮಾನದಲ್ಲಿ 1640 ಗಂಟೆಗಿಂತ ಹೆಚ್ಚು ಮಾತಾಡಿದವರಲ್ಲಿ ಮಾತ್ರ ಗ್ಲಯೋಮಾ ಎಂಬ ಮಿದುಳು ಗೆಡ್ಡೆ ಶೇ 40 ಹೆಚ್ಚಿನಂತೆ ಕಂಡಿತು. ಹತ್ತು ವರ್ಷಕ್ಕೆ ಹಂಚಿದರೆ ದಿನಕ್ಕೆ 27 ನಿಮಿಷ. ರೋಗ ಬಂದವರು ಹಳೆಯ ಕರೆಗಳನ್ನು ನೆನೆದು ಹೇಳಿದ ಲೆಕ್ಕ ಅದು, ನೆನಪು ಮೋಸ ಮಾಡುತ್ತದೆ. 2018ರ ಅಮೆರಿಕದ ಇಲಿ ಪ್ರಯೋಗದಲ್ಲಿ ಗಂಡು ಇಲಿಗಳ ಹೃದಯದಲ್ಲಿ ಗೆಡ್ಡೆ ಕಂಡದ್ದು ನಿಜ. ಇಡೀ ದೇಹಕ್ಕೆ ಕಿಲೋಗೆ 6 ವ್ಯಾಟಿನವರೆಗೆ, ದಿನಕ್ಕೆ 9 ಗಂಟೆ, ಎರಡು ವರ್ಷ ಕೊಟ್ಟಿದ್ದರು ಎಂಬುದೂ ನಿಜ. 6 ಅಂದರೆ ಸಾರ್ವಜನಿಕ ಮಿತಿಯ 75 ಪಟ್ಟು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಅನುಸರಿಸಿದ ಕಾಸ್ಮೋಸ್ ಅಧ್ಯಯನ 2024ರಲ್ಲಿ ಫೋನ್ ಬಳಕೆಗೂ ಮಿದುಳು ಗೆಡ್ಡೆಗೂ ನಂಟು ಕಾಣಲಿಲ್ಲ ಎಂದಿತು.

'ವೈ-ಫೈ ಇರುವಲ್ಲಿ ತಲೆ ಸಿಡಿಯುತ್ತದೆ' ಎನ್ನುವವರನ್ನು ದಯವಿಟ್ಟು ಗೇಲಿ ಮಾಡಬೇಡಿ. ಅವರ ನೋವು ನಾಟಕವಲ್ಲ. ಆದರೆ 2010ರವರೆಗೆ ನಡೆದ 46 ಮುಸುಕು ಪ್ರಯೋಗಗಳಲ್ಲಿ (ಅಲೆ ಚಾಲೂ ಇದೆಯೇ ಎಂದು ಕೂತವರಿಗೂ ಪರೀಕ್ಷಿಸುವವರಿಗೂ ತಿಳಿಸದೆ ಮಾಡುವಂಥವು), ಒಟ್ಟು 1175 ಜನರಲ್ಲಿ, ಅಲೆ ಇದೆಯೋ ಇಲ್ಲವೋ ಎಂದು ನಂಬುವಂತೆ ಗುರುತಿಸಿದವರು ಸಿಗಲಿಲ್ಲ. ಅಲೆ ಇದೆ ಎಂದು ನಂಬಿದಾಗ ನೋವು ಬರುತ್ತಿತ್ತು. ಇದನ್ನು ಉಪದೇಶದಿಂದ ಒಪ್ಪಿಸಲಾಗದು, ಅವರೇ ಮಾಡಿ ನೋಡಬಹುದಾದ ದಾರಿ ಇದೆ. ಮನೆಯ ಇನ್ನೊಬ್ಬರು 20 ದಿನ, ದಿನಾ ಬೆಳಿಗ್ಗೆ ನಾಣ್ಯ ಚಿಮ್ಮಿ, ರಾಜಮುಖ ಬಿದ್ದರೆ ರೂಟರಿನ ವೈ-ಫೈ ಚಾಲೂ, ಇಲ್ಲದಿದ್ದರೆ ಬಂದ್ ಮಾಡಲಿ, ಬರೆದಿಟ್ಟುಕೊಳ್ಳಲಿ. ವಿದ್ಯುತ್ ತೆಗೆಯಬಾರದು, ಸೆಟ್ಟಿಂಗಿನಲ್ಲಿ ರೇಡಿಯೋ ಮಾತ್ರ ಆರಿಸಬೇಕು, ಇಲ್ಲವಾದರೆ ಪೆಟ್ಟಿಗೆ ಮುಟ್ಟಿದರೇ ಗುಟ್ಟು ತಿಳಿಯುತ್ತದೆ. ದೀಪಗಳಿಗೆ ಕಪ್ಪು ಟೇಪು ಅಂಟಿಸಿ. ನೋವಿರುವವರ ಫೋನ್, ಲ್ಯಾಪ್‌ಟಾಪುಗಳ ವೈ-ಫೈ ಇಪ್ಪತ್ತೂ ದಿನ ಬಂದ್ ಇರಲಿ. ಪರದೆಯ ಮೂಲೆಯ ಆ ಪುಟ್ಟ ಬೀಸಣಿಗೆ ಗುರುತೇ ಹೆಚ್ಚಿನ ಸಲ ಪರೀಕ್ಷೆ ಕೆಡಿಸುವುದು. ಸಂಜೆ ಅವರು 'ಇತ್ತು' ಅಥವಾ 'ಇರಲಿಲ್ಲ' ಎಂದು ಬರೆದು ಮಡಚಿಡಲಿ. 20 ದಿನದ ನಂತರ ಎರಡೂ ಪಟ್ಟಿ ಎದುರುಬದುರು ಇಡಿ. 15 ಅಥವಾ ಹೆಚ್ಚು ಸರಿಯಾದರೆ ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಶೇ 2 ಮಾತ್ರ, ಆಗ ಮತ್ತೆ ಮಾಡಿ ನೋಡಲೇಬೇಕು. 9, 10, 11 ಬಂದರೆ ನೋವಿನ ಕಾರಣ ಬೇರೆಡೆ ಹುಡುಕಬೇಕು.

ಆ 'ಬೇರೆಡೆ' ಅನೇಕ ಸಲ ಅದೇ ಕೋಣೆಯಲ್ಲೇ ಇರುತ್ತದೆ. ಕಿಟಕಿ ಮುಚ್ಚಿದ ತರಗತಿಯಲ್ಲಿ ಮೂವತ್ತು ಮಕ್ಕಳು ಕೂತರೆ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ 1000 ಭಾಗ ದಾಟಲು ಒಂದು ಪೀರಿಯಡ್ ಸಾಕು. ತೂಕಡಿಕೆ, ತಲೆಭಾರ ಶುರು. ಮಿನುಗುವ ಅಗ್ಗದ ಎಲ್‌ಇಡಿ, ಪರದೆಯ ಮೇಲೆ ಬೀಳುವ ಪ್ರತಿಫಲನ, ರಾತ್ರಿಯೆಲ್ಲ ದಿಂಬಿನಡಿ ಗುಂಯ್‌ಗುಡುವ ಫೋನ್ ಇವೆಲ್ಲ ಯೋಚನೆಯನ್ನು ಮಂಕು ಮಾಡುತ್ತವೆ, ಇವುಗಳಿಗೆ ಆಂಟೆನಾ ಬೇಕಿಲ್ಲ. ಸಂದೇಶ ಬಂದಾಗ ಗಮನ ಚೆದುರುವುದು ಅಲೆಯ ತಪ್ಪಲ್ಲ, ಸಂದೇಶದ ತಪ್ಪು.

ಶಾಲೆ ನಡೆಸುವವರಿಗೆ: ಫ್ರಾನ್ಸ್ 2015ರ ಕಾಯ್ದೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳ ಕೋಣೆಗಳಲ್ಲಿ ವೈ-ಫೈ ನಿಷೇಧಿಸಿತು, ಪ್ರಾಥಮಿಕ ಶಾಲೆಗಳಲ್ಲಿ ಪಾಠಕ್ಕೆ ಬೇಡವಾದಾಗ ಆರಿಸಬೇಕೆಂದಿತು. ಅದು ಮುನ್ನೆಚ್ಚರಿಕೆಯ ನಿಯಮ, ಅಪಾಯ ಸಾಬೀತಾಗಿದ್ದರಿಂದ ಬಂದದ್ದಲ್ಲ; ಅನುಸರಿಸಿದರೆ ನಷ್ಟವೇನೂ ಇಲ್ಲ. ಆದರೆ ಹಲವೆಡೆ ಮಾಡುವ ತಪ್ಪೊಂದಿದೆ: ಕಾರಿಡಾರಿನಲ್ಲಿ ಒಂದೇ ರೂಟರಿಟ್ಟು, 'ವಿಕಿರಣ ಕಡಿಮೆಯಾಗಲಿ' ಎಂದು ಅದರ ಶಕ್ತಿ ಇಳಿಸುವುದು. ಸಿಗ್ನಲ್ ಸೊರಗಿದಾಗ ಸಾಧನಗಳು ನಿಧಾನದ ದರಕ್ಕೆ ಇಳಿಯುತ್ತವೆ, ಅದೇ ಪುಟವನ್ನು ತರಲು ಹತ್ತಾರು ಪಟ್ಟು ಹೊತ್ತು ಪ್ರಸಾರ ಮಾಡುತ್ತವೆ. ಕೋಣೆಗೊಂದು ರೂಟರ್ ಚಾವಣಿಯಲ್ಲಿ, ಕಡಿಮೆ ಶಕ್ತಿಯಲ್ಲಿ ಇಡುವುದು ಸರಿ ದಾರಿ. ಬೇಡದ ಹೆಚ್ಚುವರಿ ನೆಟ್‌ವರ್ಕ್ ಹೆಸರುಗಳನ್ನು ಅಳಿಸಿ. ಪ್ರತಿ ಹೆಸರೂ ತನ್ನದೇ ಸೆಕೆಂಡಿಗೆ ಹತ್ತು ಸಂಕೇತ ಬಿಡುತ್ತದೆ. ಕದಲದ ಕಂಪ್ಯೂಟರುಗಳಿಗೆ ತಂತಿ ಎಳೆಯಿರಿ. ಸಿಗ್ನಲ್ ಇಲ್ಲದ ನೆಲಮಾಳಿಗೆಯಲ್ಲಿ ವೈ-ಫೈ ಮೂಲಕ ಕರೆ ಮಾಡುವ ಸೌಲಭ್ಯ ಚಾಲೂ ಮಾಡಿದರೆ ಫೋನ್ ದೂರದ ಟವರಿಗೆ ಕೂಗುವುದು ತಪ್ಪುತ್ತದೆ. ಇಲ್ಲಿ ವೈ-ಫೈಯೇ ತಲೆಯ ಪಾಲನ್ನು ಇಳಿಸುತ್ತದೆ.

ಅಳತೆಯ ಬಗ್ಗೆ ನಿಯಂತ್ರಕರ ಮೇಲೆ ನಮ್ಮ ತಕರಾರು ದೊಡ್ಡದು. ವರದಿಗಳಲ್ಲಿ ಒಬ್ಬರು ಕ್ಷೇತ್ರದ ಶೇಕಡಾ ಬರೆಯುತ್ತಾರೆ, ಇನ್ನೊಬ್ಬರು ಶಕ್ತಿಯ ಶೇಕಡಾ. ಮಿತಿ ಮೀಟರಿಗೆ 61 ವೋಲ್ಟ್ ಇರುವಲ್ಲಿ 6.1 ಸಿಕ್ಕರೆ ಒಬ್ಬರ ಪ್ರಕಾರ ಅದು ಶೇ 10, ಇನ್ನೊಬ್ಬರ ಪ್ರಕಾರ ಶೇ 1. ಎರಡೂ ಸರಿ, ಏಕೆಂದರೆ ಶಕ್ತಿ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಯಾವುದೆಂದು ಬರೆಯದ ವರದಿ ಜಗಳಕ್ಕೆ ತುಪ್ಪ. ನೆಲದಿಂದ 1.1, 1.5, 1.7 ಮೀಟರ್ ಎತ್ತರಗಳಲ್ಲಿ, ಮೂರೂ ದಿಕ್ಕಿನ ಪ್ರೋಬ್ ಬಳಸಿ, ಸರಾಸರಿ ತೆಗೆದು ಅಳೆಯಬೇಕು. ಅಂಗೈಯಗಲದ ಅಗ್ಗದ ಮೀಟರ್ ತೋರಿಸುವುದು ಕ್ಷಣದ ಶಿಖರವನ್ನು. ಅದು ಕಿರುಚಿದಾಗ ಮೊದಲು ನೋಡಬೇಕಾದ್ದು ಅಳೆಯುವವರದೇ ಜೇಬಿನ ಫೋನನ್ನು. 5ಜಿಯಲ್ಲಿ ಇನ್ನೊಂದು ಸಮಸ್ಯೆ: ಕಿರಣಪುಂಜ ಡೇಟಾ ಕೇಳಿದವರತ್ತ ತಿರುಗುತ್ತದೆ. ಯಾರೂ ಡೌನ್‌ಲೋಡ್ ಮಾಡದ ಹೊತ್ತಿನಲ್ಲಿ ಅಳೆದು ಕಡಿಮೆ ಎನ್ನುವುದು ಅರ್ಧಸತ್ಯ. ಪಕ್ಕದಲ್ಲಿ ಒಂದು ಫೋನಿಗೆ ದೊಡ್ಡ ಕಡತ ಇಳಿಸಲು ಹಚ್ಚಿ ಒಂದು ಸಲ, ಸುಮ್ಮನಿದ್ದಾಗ ಒಂದು ಸಲ, ಎರಡೂ ಅಂಕಿ ಕೊಡಿ. ಫೋನುಗಳಿಂದ ಹೊರಡುವ ಅಲೆ ಮತ್ತು ಟವರಿನಿಂದ ಬರುವ ಅಲೆ ಬೇರೆ ಬೇರೆ ಕಾಲಂನಲ್ಲಿರಲಿ.

ಫೋನಿನ ಎಸ್‌ಎಆರ್ ಪರೀಕ್ಷೆಯನ್ನೂ ಕಂಪನಿಯ ಕಾಗದ ನಂಬಿ ಮುಗಿಸಬೇಡಿ. 2023ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ನಿಯಂತ್ರಕರು ಅಂಗಡಿಯಿಂದ ಫೋನ್ ತಂದು ತಾವೇ ಅಳೆದಾಗ ಒಂದು ಹೆಸರಾಂತ ಮಾದರಿ, ಕೈಕಾಲಿನ ಮಿತಿ ಕಿಲೋಗೆ 4 ವ್ಯಾಟ್ ಇದ್ದಲ್ಲಿ, 5.74 ತೋರಿಸಿತು. ಮಾರಾಟ ನಿಂತಿತು, ಸಾಫ್ಟ್‌ವೇರ್ ತಿದ್ದುಪಡಿ ಬಂತು. ಮಾರುಕಟ್ಟೆಯಿಂದ ಆಯ್ದು ಅಳೆಯುವ ಕೆಲಸ ಎಲ್ಲೆಡೆ ಇರಬೇಕಾದದ್ದು.

ಸ್ಟಿಕ್ಕರ್, ಕವಚ, ಪದಕಗಳ ಮೇಲೂ ಕಣ್ಣಿಡಿ. ಆಂಟೆನಾ ಮುಚ್ಚದ ಸ್ಟಿಕ್ಕರ್ ಏನೂ ಮಾಡುವುದಿಲ್ಲ, ಮುಚ್ಚಿದರೆ ಫೋನ್ ಶಕ್ತಿ ಏರಿಸಿಕೊಳ್ಳುತ್ತದೆ. 2021ರ ಡಿಸೆಂಬರಿನಲ್ಲಿ ನೆದರ್‌ಲ್ಯಾಂಡ್ಸಿನ ಅಣು ಸುರಕ್ಷತಾ ಸಂಸ್ಥೆ ಇಂಥ ಹತ್ತು ಸರಕುಗಳನ್ನು ಬಳಸಬೇಡಿ ಎಂದು ಎಚ್ಚರಿಸಿತು. 5ಜಿಯಿಂದ ಕಾಪಾಡುತ್ತೇವೆಂದು ಮಾರಿದ ಪದಕ, ಬಳೆ, ಮಲಗುವಾಗಿನ ಕಣ್ಪಟ್ಟಿಗಳಲ್ಲಿ ಇದ್ದದ್ದು ವಿಕಿರಣಶೀಲ ವಸ್ತು. ಅಯಾನೀಕರಿಸುವ, ಅಂದರೆ ಎಲೆಕ್ಟ್ರಾನ್ ಕೀಳಬಲ್ಲ, ಅಸಲಿ ವಿಕಿರಣ, ಅದೂ ಮಕ್ಕಳ ಕೈಬಳೆಯಲ್ಲೂ.

ಮುಂದಿನ ದೂರಿಗೆ ಉತ್ತರ ಬರೆಯುವಾಗ ಆ ಒಂದು ಸಾಲಿನ ಬದಲು ಇವಿಷ್ಟು ಇರಲಿ: ದೂರುದಾರರ ಕಿಟಕಿಯ ಬಳಿ ಪ್ರತಿ ಬ್ಯಾಂಡಿನಲ್ಲಿ ಅಳೆದ ಸರಾಸರಿ, ಅಳೆದ ದಿನ ಮತ್ತು ಹೊತ್ತು, ಅದು ಶಕ್ತಿಯ ಮಿತಿಯ ಎಷ್ಟು ಶೇಕಡಾ, ಅದೇ ಕೋಣೆಯಲ್ಲಿ ಫೋನಿಗೆ ಸಿಗುವ ಸಿಗ್ನಲ್ ಎಷ್ಟು ಡಿಬಿಎಂ (ಸಿಗ್ನಲ್ ಬಲದ ಅಳತೆ), ಅಲ್ಲಿ ನಿಂತು ಕರೆ ಮಾಡಿದರೆ ಫೋನ್ ಎಷ್ಟು ಮಿಲಿವ್ಯಾಟ್ ಬಿಡುತ್ತದೆ. ಕೊನೆಯ ಅಂಕಿಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ.

ಇಂತಿ,
ರೇಡಿಯೋ ಕ್ಷೇತ್ರ ಅಳೆಯುವ ಕೆಲಸದವರು